ಕೈಯೆಲ್ಲ ಇಂಕು

ಇಂಕ್ ಪೆನ್ನಿನವರನ್ನು ಗುರುತಿಸುವುದು ಬಹಳ ಸುಲಭ. ಮುಖ ನೋಡಬೇಕಾಗಿಲ್ಲ, ಬಲಗೈಯ ಮೂರು ಬೆರಳು ನೋಡಿದರೆ ಸಾಕು. ವೋಟು ಹಾಕಿದವರಿಗೆ ಎಡಗೈಯ ತೋರುಬೆರಳಿನ ಮೇಲೆ ಒಂದೇ ಒಂದು ಗೀಟು. ಆ ಶಾಯಿಯೂ ನಮ್ಮ ಮೈಸೂರಿನದೇ. 1937ರಲ್ಲಿ ಮಹಾರಾಜರ ಕಾಲದಲ್ಲಿ ಶುರುವಾದ ಬಣ್ಣದ ಕಾರ್ಖಾನೆಯಿಂದ 1962ರ ಚುನಾವಣೆಯ ಹೊತ್ತಿಗೆ ಹೊರಟದ್ದು ಇಂದಿಗೂ ದೇಶಕ್ಕೆಲ್ಲ ಹೋಗುತ್ತಿದೆ. ಅದರೊಳಗಿನ ಸಿಲ್ವರ್ ನೈಟ್ರೇಟ್ ಚರ್ಮಕ್ಕೆ ಕಚ್ಚಿಕೊಂಡು ಬೆಳಕಿಗೆ ಕಪ್ಪಾಗುತ್ತದೆ. ಅವರಿಗಾದರೆ ಐದು ವರ್ಷಕ್ಕೊಮ್ಮೆ. ನಮಗೆ ವರ್ಷವೆಲ್ಲ ಚುನಾವಣೆ.

ನಮ್ಮ ಬಿ.ಕಾಂ. ತರಗತಿಯಲ್ಲಿ ಇಂಥವರು ನಾಲ್ಕು ಜನ ಇದ್ದೇವೆ. ಉಳಿದವರು ನಮ್ಮನ್ನು ‘ಇಂಕಿನ ಪಾರ್ಟಿ’ ಅಂತ ಕರೀತಾರೆ. ಪಕ್ಕದಲ್ಲಿ ಕೂರುವಾಗ ಅಂಗಿ ತೋಳು ಮೇಲೆತ್ತಿಕೊಳ್ಳುತ್ತಾರೆ. ಆದರೆ ಸಹಿ ಹಾಕುವ ಹೊತ್ತು ಬಂದರೆ “ಸ್ವಲ್ಪ ನಿನ್ನ ಪೆನ್ ಕೊಡೋ” ಅನ್ನುವವರೂ ಅವರೇ.

ನನಗೆ ಈ ಚಟ ಹತ್ತಿದ್ದು ಹಳ್ಳಿಯ ಕನ್ನಡ ಶಾಲೆಯಲ್ಲಿ. ನಾಲ್ಕನೇ ತರಗತಿವರೆಗೆ ಸೀಸದ ಕಡ್ಡಿ, ಐದಕ್ಕೆ ಬಂದರೆ ಇಂಕ್ ಪೆನ್ನು. ಬಾಲ್ ಪೆನ್ನಲ್ಲಿ ಬರೆದರೆ ಅಕ್ಷರ ಕೆಡುತ್ತದೆ ಎಂಬುದು ನಮ್ಮ ಮೇಷ್ಟ್ರ ಸಿದ್ಧಾಂತ. ಪುಸ್ತಕದ ಮೇಲೆ ಇಂಕು ಚೆಲ್ಲಿದರೆ ಸೀಮೆಸುಣ್ಣದ ತುಂಡು ಉರುಳಿಸುತ್ತಿದ್ದೆವು. ಅದು ಬಾಯಾರಿದ ದನದ ಹಾಗೆ ಇಂಕನ್ನು ಹೀರುತ್ತಿತ್ತು. ಆಗ ನಮಗೆ ಗೊತ್ತಿದ್ದ ಬಣ್ಣ ಒಂದೇ, ನೀಲಿ. ಕ್ಯಾಮೆಲ್ ಆದರೂ ನೀಲಿ, ಬೆಂಗಳೂರಿನ ಬ್ರಿಲ್ ಆದರೂ ನೀಲಿ. ಕೆಂಪು ಮೇಷ್ಟ್ರ ಸೊತ್ತು. ಹಸಿರು ದೊಡ್ಡ ಅಧಿಕಾರಿಗಳ ಸಹಿಯ ಸೊತ್ತು ಅಂತ ಕೇಳಿದ್ದೆವು.

ಕಾಲೇಜಿಗೆ ಬಂದ ಮೇಲೆ ಬಣ್ಣಗಳ ಲೋಕ ತೆರೆಯಿತು, ಜೊತೆಗೆ ರಗಳೆಯೂ. ನೀಲಿ ತುಂಬಿದ್ದ ಪೆನ್ನನ್ನು ಸರಿಯಾಗಿ ತೊಳೆಯದೆ ಕೆಂಪು ತುಂಬಿದರೆ ಮೊದಲ ಎರಡು ಪುಟ ನೇರಳೆಹಣ್ಣು ತಿಂದ ನಾಲಿಗೆಯಂತಿರುತ್ತದೆ. ಅದಾದರೂ ಚೆಂದ. ಕೆಲವು ಶಾಯಿಗಳಿಗೆ ಒಂದನ್ನು ಕಂಡರೆ ಇನ್ನೊಂದಕ್ಕೆ ಆಗುವುದಿಲ್ಲ. ಒಂದು ಹುಳಿ, ಒಂದು ಕ್ಷಾರ. ಕೂಡಿದ ಜಾಗದಲ್ಲಿ ಗಷ್ಟು ಕಟ್ಟಿ ಪೆನ್ನಿನ ನಾಲಿಗೆ ಕಟ್ಟಿಹೋಗುತ್ತದೆ. ಮಿನುಗುವ ಶಾಯಿಯಲ್ಲಿ ಪುಡಿ ತಳಕ್ಕೆ ಇಳಿಯುತ್ತದೆ. ಬಣ್ಣ ಅತಿ ಗಾಢವಾದರೆ ಬರೆದು ದಿನವಾದರೂ ಕೈಗೆ ಹತ್ತುತ್ತದೆ. ಪಾರ್ಕರ್ ಕಂಪನಿಯವರು 1940ರ ದಶಕದಲ್ಲಿ ಬೇಗ ಒಣಗುವ, ಹೊಳೆಯುವ ಬಣ್ಣದ ಶಾಯಿ ಮಾಡಿದರು. ಅದರ ಕ್ಷಾರ ಎಷ್ಟು ಖಾರವಾಗಿತ್ತೆಂದರೆ ಪೆನ್ನಿನ ಒಳಭಾಗವನ್ನೇ ತಿಂದುಹಾಕುತ್ತಿತ್ತು.

ಜೇಬಿನಲ್ಲಿ ಪೆನ್ನು ಕಕ್ಕುವುದಕ್ಕೂ ಒಂದು ಶಾಸ್ತ್ರವಿದೆ. ಇಂಕು ಅರ್ಧಕ್ಕಿಂತ ಕಡಿಮೆಯಾದಾಗ ಒಳಗೆ ಗಾಳಿ ಹೆಚ್ಚು. ಮೈಯ ಬಿಸಿಗೆ, ಬೆರಳ ಬಿಸಿಗೆ ಆ ಗಾಳಿ ಹಿಗ್ಗಿ ಇಂಕನ್ನು ಹೊರಕ್ಕೆ ತಳ್ಳುತ್ತದೆ. ಅದಕ್ಕೇ ತುಂಬಿದ ಪೆನ್ನು ಸುಮ್ಮನಿರುತ್ತದೆ, ಅರೆಬರೆ ಪೆನ್ನು ಸೋರುತ್ತದೆ. ತುಂಬಿದ ಕೊಡ ತುಳುಕುವುದಿಲ್ಲ ಅಂತ ಹಿರಿಯರು ಹೇಳಿದ್ದು ಇಂಕ್ ಪೆನ್ನಿಗೂ ಸಲ್ಲುತ್ತದೆ.

ಇನ್ನು ನಮ್ಮ ಕನ್ನಡದ ಕಷ್ಟ ಬೇರೆ. ತೆಳು ಕಾಗದದ ಮೇಲೆ ನೇರಳೆ ಶಾಯಿ ಹರಡಿದರೆ ‘ಥ’ದ ಹೊಟ್ಟೆಯ ಚುಕ್ಕಿ ಊದಿಕೊಳ್ಳುತ್ತದೆ, ‘ಧ’ದ ಸೀಳು ಮುಚ್ಚಿಹೋಗುತ್ತದೆ, ಒತ್ತಕ್ಷರಗಳು ಒಂದರ ಮೇಲೊಂದು ಬಿದ್ದ ಜಾತ್ರೆಯ ಜನ. ಆದರೂ ಹೇಳ್ತೀನಿ, ಒಳ್ಳೆ ಕಾಗದದ ಮೇಲೆ, ಹದವಾದ ನಿಬ್ಬಿನಲ್ಲಿ ‘ಅ’ ಬರೆದು ನೋಡಿ. ಕೈ ಎತ್ತದೆ ಆ ಸುತ್ತು ಸುತ್ತುವ ಸುಖ ಬೇರೆಯೇ. ಪಾಠ ಇಂಗ್ಲಿಷಿನಲ್ಲಿ ಆದ ಮೇಲೆ ನಾನು ಅರ್ಥವಾಗದ ಮಾತಿಗೆಲ್ಲ ಅಂಚಿನಲ್ಲಿ ಹಸಿರು ಇಂಕಿನಲ್ಲಿ ಕನ್ನಡ ಬರೆದುಕೊಳ್ಳುತ್ತೇನೆ. ಜರ್ನಲ್ ಪಕ್ಕದಲ್ಲಿ ಕಿರ್ದಿ, ಲೆಡ್ಜರ್ ಪಕ್ಕದಲ್ಲಿ ಖಾತೆ. ಮೊದಲ ವರ್ಷದ ನೋಟ್ಸಿನ ಅಂಚು ಹೊಲದ ಬದುವಿನಂತೆ ಹಸಿರಾಗಿದೆ.

ಬಣ್ಣದ ಶಾಯಿಗೆ ನಮ್ಮ ಕಾಮರ್ಸಿನಲ್ಲೂ ಸ್ಥಾನವಿದೆ. ‘ರೆಡ್ ಇಂಕ್ ಇಂಟರೆಸ್ಟ್’ ಅಂತಲೇ ಒಂದಿದೆ. ಲೆಕ್ಕ ಮುಗಿಯುವ ತಾರೀಕಿನ ಆಚೆಗೆ ಹಣದ ವಾಯಿದೆ ಬಿದ್ದರೆ, ಮಿಕ್ಕ ದಿನಗಳ ಬಡ್ಡಿಯನ್ನು ಕೆಂಪು ಶಾಯಿಯಲ್ಲಿ ಬರೆದು ಎದುರು ಬದಿಗೆ ಸೇರಿಸುತ್ತಿದ್ದರು. ಈಗ ಲೆಕ್ಕವೆಲ್ಲ ಕಂಪ್ಯೂಟರಿನಲ್ಲಿ. ಪುಸ್ತಕದಲ್ಲಿ ಹೆಸರು ಮಾತ್ರ ಕೆಂಪಗೆ ಉಳಿದಿದೆ.

ಈ ಕೆಂಪನ್ನು ನಮ್ಮ ತಾತ ನಿಜವಾಗಿ ಬರೆದವರು. ತಿಪಟೂರಿನ ಒಂದು ಕೊಬ್ಬರಿ ಮಂಡಿಯಲ್ಲಿ ಗುಮಾಸ್ತರಾಗಿದ್ದರು. ಮನೆಯ ಲೆಕ್ಕಕ್ಕೂ ಅದೇ ಶಿಸ್ತು. ಖರ್ಚೆಲ್ಲ ಬ್ಲೂ-ಬ್ಲ್ಯಾಕಿನಲ್ಲಿ, ಕೈಸಾಲ ಕೊಟ್ಟದ್ದು ಕೆಂಪಿನಲ್ಲಿ. ಮನೆಯ ಶುಭಕಾರ್ಯ, ಮಕ್ಕಳು ಹುಟ್ಟಿದ ದಿನ, ಗಳಿಗೆ, ಅವೂ ಕೆಂಪಿನಲ್ಲೇ. ಮಂಗಳದ ಬಣ್ಣ ಅಂತ.

ಎರಡು ವರ್ಷದ ಹಿಂದೆ ಮಳೆಗಾಲದಲ್ಲಿ ಅಟ್ಟ ಸೋರಿ ಆ ಪುಸ್ತಕವಿದ್ದ ಟ್ರಂಕಿಗೆ ನೀರು ಇಳಿಯಿತು. ಒಣಗಿಸಲೆಂದು ಪುಟ ಬಿಡಿಸಿದರೆ, ಬ್ಲೂ-ಬ್ಲ್ಯಾಕ್ ಒಂದಕ್ಷರವೂ ಅಲ್ಲಾಡಿರಲಿಲ್ಲ. ಹಳೆಯ ಬ್ಲೂ-ಬ್ಲ್ಯಾಕಿನಲ್ಲಿ ಕಬ್ಬಿಣದ ಉಪ್ಪು, ಕಾಯಿಯ ಒಗರು ಸೇರಿರುತ್ತದೆ. ಬರೆಯುವಾಗ ನೀಲಿ, ಗಾಳಿ ತಗುಲಿ ಕಪ್ಪಾಗಿ ಕಾಗದದ ನಾರಿಗೇ ಕಚ್ಚಿಕೊಳ್ಳುತ್ತದೆ, ನೀರಿಗೆ ಬಗ್ಗುವುದಿಲ್ಲ. ಕೆಂಪು ಬರೀ ನೀರಿನಲ್ಲಿ ಕರಗಿದ ಬಣ್ಣ. ಅದು ಬಂದ ದಾರಿಯಲ್ಲೇ ಹೊರಟುಹೋಗಿತ್ತು. 1973ರ ಸೀಮೆಎಣ್ಣೆಯ ಲೆಕ್ಕ ಪೈಸೆ ಸಮೇತ ಇದೆ. ಸಾಲ ಪಡೆದವರ ಹೆಸರೆಲ್ಲ ಒಂದು ಗುಲಾಬಿ ಮೋಡ.

ಅಪ್ಪ ನಕ್ಕುಬಿಟ್ಟರು. “ಹೋಗ್ಲಿ ಬಿಡು, ಇನ್ನು ಯಾರನ್ನೂ ಕೇಳೋ ಹಾಗಿಲ್ಲ” ಅಂದರು. ಅಜ್ಜಿ ನಗಲಿಲ್ಲ. ಅಜ್ಜಿಗೆ ಓದು ಬರುವುದಿಲ್ಲ. ಆದರೆ ಪುಟ ತಿರುವುತ್ತಾ ಹೋಗಿ ಒಂದು ಕಡೆ ಕೈ ಇಟ್ಟು, “ಇದು ನನ್ನ ದೊಡ್ಡ ಮಗೂದು” ಅಂದರು. ಅಪ್ಪನಿಗಿಂತ ಮೊದಲು ಹುಟ್ಟಿ, ಮೂರು ವರ್ಷಕ್ಕೇ ತೀರಿಕೊಂಡ ಹೆಣ್ಣುಮಗು. ಅದಕ್ಕೆ ಫೋಟೋ ಇಲ್ಲ, ಶಾಲೆಯ ದಾಖಲೆ ಇಲ್ಲ. ಅದು ಬಂದು ಹೋದದ್ದಕ್ಕೆ ಇದ್ದದ್ದು ಅದೊಂದೇ ಸಾಲು.

ಗೆಳೆಯರೇ, ಅವತ್ತಿನಿಂದ ನಾನು ಬಣ್ಣ ಬಿಟ್ಟಿಲ್ಲ. ಬಿಡುವುದೂ ಇಲ್ಲ. ಆದರೆ ಹೊಸ ಶಾಯಿ ತಂದರೆ ಮೊದಲು ಒಂದು ಚೀಟಿಯಲ್ಲಿ ಬರೆದು, ಒಂದು ದಿನ ಒಣಗಿಸಿ, ನಲ್ಲಿಯ ಕೆಳಗೆ ಹಿಡಿಯುತ್ತೇನೆ. ಬಾಟಲಿಯ ಮೇಲೆ ಬ್ಲೂ-ಬ್ಲ್ಯಾಕ್ ಅಂತಿದ್ದ ಮಾತ್ರಕ್ಕೆ ಒಳಗೆ ಕಬ್ಬಿಣ ಇರುತ್ತದೆಂದು ನಂಬುವ ಹಾಗಿಲ್ಲ. ನಿಂತ ಶಾಯಿಗೆ ಒಂದು ಪೆನ್ನು, ಹರಿದುಹೋಗುವ ಶಾಯಿಗೆ ಇನ್ನೊಂದು. ನೋಟ್ಸು, ಕವನದ ಕರಡು, ಗೆಳೆಯರ ಮೇಲಿನ ತಮಾಷೆ, ಇವಕ್ಕೆಲ್ಲ ಹಸಿರು ನೇರಳೆ ಏನಾದರೂ ಆದೀತು. ಮತ್ತೊಮ್ಮೆ ಬರೆಯಬಹುದಾದದ್ದು ತೊಳೆದುಹೋದರೆ ನಷ್ಟವಿಲ್ಲ.

ಆ ವಾರವೇ ಹೊಸ ಪುಸ್ತಕ ಹೊಲಿಸಿ ತಂದೆ. ಅಜ್ಜಿ ಹೇಳಿದರು, ನಾನು ಬರೆದೆ: ಮಗುವಿನ ಹೆಸರು, ಗೌರಿ ಹಬ್ಬದ ಹಿಂದಿನ ದಿನ, ಸಂಜೆ, ಹಸು ಕರೆಯುವ ಹೊತ್ತು. ಅಜ್ಜಿ ಬಗ್ಗಿ ನೋಡಿ, “ಕಪ್ಪಗಿದೆಯಲ್ಲೋ ಮಗಾ, ತಾತ ಕೆಂಪಲ್ಲಿ ಬರೀತಿದ್ರು” ಅಂದರು. ಕಪ್ಪೇ ಉಳಿಯೋದು ಅಜ್ಜಿ, ಅಂತ ಹೇಳಿದೆ. ಅವರಿಗೆ ಸಮಾಧಾನವಾಗಲಿಲ್ಲ. ಕೊನೆಗೆ ಇನ್ನೊಂದು ಪೆನ್ನು ತೆಗೆದು ಆ ಹೆಸರಿನ ಕೆಳಗೆ ಕೆಂಪಿನಲ್ಲಿ ಒಂದು ಗೀಟು ಎಳೆದೆ. ಅಜ್ಜಿ ಒಣಗುವ ಮುಂಚೆಯೇ ಅದನ್ನು ಮುಟ್ಟಿ ನೋಡಿದರು. ಅವರ ಬೆರಳಿಗೂ ಇಂಕಾಯಿತು.