ವಾಲಗವಿಲ್ಲದ ಎರಡು ವೈಶಾಖ

ಮದುವೆಯ ಮನೆಯಿಂದ ಬಂದವರನ್ನು "ಊಟ ಹೇಗಿತ್ತು? ಒಡವೆ ಏನೇನು ಹಾಕಿದ್ದರು?" ಎಂದು ವಿಚಾರಿಸುವವರು ಬೇಕಾದಷ್ಟು ಜನರಿದ್ದಾರೆ. "ವಾಲಗ ಹೇಗಿತ್ತು?" ಎಂದು ಕೇಳಿದವರನ್ನು ನನ್ನ ಇಷ್ಟು ವರ್ಷಗಳ ಬಾಳಿನಲ್ಲಿ ನಾನು ಕಂಡದ್ದು ಬಹಳ ಕಡಿಮೆ. ವಾಲಗವೆಂಬುದು ಅಡುಗೆಯಲ್ಲಿನ ಉಪ್ಪಿನಂತೆ. ಇದ್ದಾಗ ಯಾರ ಗಮನಕ್ಕೂ ಬರುವುದಿಲ್ಲ, ಇಲ್ಲವಾದಾಗ ಎಲ್ಲವೂ ಸಪ್ಪೆ. ಕೊರೋನಾ ಕಾಲದಲ್ಲಿ ಮದುವೆಗಳು ಹಾಗೆ ಸಪ್ಪೆಯಾದುದನ್ನು ನಾವೆಲ್ಲ ಕಂಡೆವು. ಆದರೆ ಆ ವಾಲಗವನ್ನೇ ನಂಬಿ ಬದುಕಿದ್ದವರ ಮನೆಯಲ್ಲಿ ಏನಾಯಿತೆಂಬುದನ್ನು ಹೆಚ್ಚು ಜನ ಕಂಡಿರಲಾರರು. ನನಗೆ ಅದನ್ನು ಹತ್ತಿರದಿಂದ ನೋಡುವ ಸಂದರ್ಭ ಒದಗಿತ್ತು.

ಮಂಡ್ಯ ಜಿಲ್ಲೆಯ ನಮ್ಮ ಊರಿನಲ್ಲಿ ಐದು ಮಂದಿಯ ಒಂದು ತಂಡವಿದೆ. ನಾಗಸ್ವರಕ್ಕೆ ಇಬ್ಬರು, ಡೋಲಿಗೆ ಇಬ್ಬರು, ಶ್ರುತಿ ಮತ್ತು ತಾಳಕ್ಕೆ ಒಬ್ಬರು. ತಂಡದ ಹಿರಿಯರು ನಮ್ಮ ಮನೆಯಿಂದ ನಾಲ್ಕು ಮನೆ ಆಚೆಗೆ ವಾಸವಾಗಿದ್ದಾರೆ. ಡೋಲು ನುಡಿಸುವ ಅವರ ಮಗ ನನ್ನ ಶಿಷ್ಯ. ನಮ್ಮ ಕಡೆಯ ಅನೇಕ ವಾಲಗದ ಮನೆತನಗಳಂತೆ ಇವರದೂ ಎರಡು ಕಸುಬಿನ ಸಂಸಾರ. ಲಗ್ನವಿದ್ದ ದಿನ ನಾಗಸ್ವರ, ಉಳಿದ ದಿನ ಕ್ಷೌರದ ಅಂಗಡಿ. ಅಂಗಡಿಯ ದುಡಿಮೆ ದಿನದ ಖರ್ಚಿಗೆ ಸರಿಹೋಗುತ್ತಿತ್ತು. ಮನೆ ಕಟ್ಟಿದ್ದು, ಮಗಳ ಮದುವೆ ಮಾಡಿದ್ದು ವಾಲಗದ ಹಣದಿಂದ.

ಈ ವೃತ್ತಿಯ ಯಜಮಾನ ಪಂಚಾಂಗ. ಆಷಾಢದಲ್ಲಿ ಮದುವೆಯಿಲ್ಲ, ಪಿತೃಪಕ್ಷದಲ್ಲಿಲ್ಲ, ಧನುರ್ಮಾಸದಲ್ಲಿಲ್ಲ. ಯುಗಾದಿಯಿಂದ ಜ್ಯೇಷ್ಠದವರೆಗಿನ ಲಗ್ನಗಳಲ್ಲಿ ದುಡಿದು ವರ್ಷವಿಡೀ ಉಣ್ಣಬೇಕು. ರೈತನಿಗೆ ಮುಂಗಾರು ಹೇಗೋ ಇವರಿಗೆ ವೈಶಾಖ ಹಾಗೆ. 2020ರಲ್ಲಿ ದೇಶವೆಲ್ಲ ಬಾಗಿಲು ಮುಚ್ಚಿದ ಮೊದಲ ದಿನ ಮಾರ್ಚ್ 25. ಅಂದೇ ಯುಗಾದಿ. ಹೊಸ ಪಂಚಾಂಗ ತೆರೆಯುವ ದಿನವೇ ಇವರ ದುಡಿಮೆಯ ಬಾಗಿಲು ಮುಚ್ಚಿತು. ಏಪ್ರಿಲ್ 26ರ ಅಕ್ಷಯ ತದಿಗೆ ಕಲ್ಯಾಣಮಂಟಪಗಳ ಬೀಗದ ಹಿಂದೆಯೇ ಕಳೆದುಹೋಯಿತು.

ಮೊದಲು ಎದುರಾದದ್ದು ಮುಂಗಡದ ಪ್ರಶ್ನೆ. ವೀಳ್ಯದೊಂದಿಗೆ ಕೊಟ್ಟ ಹಣವನ್ನು ಕೆಲವರು ಹಿಂದಕ್ಕೆ ಕೇಳಿದರು. ಅದರಲ್ಲಿ ತಪ್ಪೇನೂ ಇಲ್ಲ, ಅವರ ಮನೆಗಳಲ್ಲೂ ಸಂಪಾದನೆ ನಿಂತಿತ್ತು. ಆದರೆ ಮುಂಗಡವೆಂಬುದು ಪೆಟ್ಟಿಗೆಯಲ್ಲಿ ಕೂಡುವ ಹಣವಲ್ಲ. ಡೋಲಿಗೆ ಹೊಸ ಚರ್ಮ ಹಾಕಿಸಲು, ಪಂಚೆ ಶಲ್ಯ ಕೊಳ್ಳಲು ಅದು ಆಗಲೇ ಖರ್ಚಾಗಿತ್ತು. ಹಿರಿಯರು ಒಂದು ನೋಟುಪುಸ್ತಕ ತಂದು ನನ್ನ ಮುಂದಿಟ್ಟರು. ಆ ಬೇಸಗೆಗೆ ಒಪ್ಪಿಕೊಂಡಿದ್ದ 22 ಲಗ್ನಗಳ ಪಟ್ಟಿ. ಒಂದೊಂದರ ಮೇಲೂ ಗೀಟು.

"ಕೇಳಿದವರಿಗೆ ಕೊಟ್ಟುಬಿಡ್ತೀನಿ ಮೇಷ್ಟ್ರೇ. ಶುಭಕಾರ್ಯಕ್ಕೆ ಅಂತ ಕೊಟ್ಟ ದುಡ್ಡು, ಇಟ್ಕೊಂಡ್ರೆ ಊದೋಕೆ ಉಸಿರು ಬರಲ್ಲ" ಎಂದರು.

ಹೆಂಡತಿಯ ಎರಡು ಬಳೆಗಳನ್ನು ಅಡವಿಟ್ಟು ಅವರು ಆ ಹಣ ಹಿಂದಿರುಗಿಸಿದರು. ಕೇಳದವರ ಹೆಸರಿನ ಮುಂದೆ "ಬಾಕಿ, ಮುಂದಿನ ಲಗ್ನಕ್ಕೆ" ಎಂದು ನನ್ನಿಂದ ಬರೆಸಿದರು.

ಕ್ಷೌರದ ಅಂಗಡಿಯಾದರೂ ಕೈಹಿಡಿದೀತೆಂದರೆ ಅದಕ್ಕೂ ಬೀಗ. ಮೇ ತಿಂಗಳ ಮೂರನೆಯ ವಾರದವರೆಗೆ ತೆರೆಯುವಂತಿರಲಿಲ್ಲ, ತೆರೆದ ಮೇಲೂ ಜನ ಹೆದರಿ ಬರಲಿಲ್ಲ. ಪಡಿತರದ ಅಕ್ಕಿಯ ಜೊತೆಗೆ ಕೇಂದ್ರದಿಂದ ತಲೆಗೆ ತಿಂಗಳಿಗೆ 5 ಕಿಲೋ ಧಾನ್ಯ ಪುಕ್ಕಟೆ ದೊರೆತದ್ದರಿಂದ ಒಲೆ ಉರಿಯಿತು. ಆ ವರ್ಷ ರಾಜ್ಯ ಸರ್ಕಾರ ಕ್ಷೌರಿಕರಿಗೆ ಒಮ್ಮೆಗೆ 5,000 ರೂಪಾಯಿ ನೆರವು ಘೋಷಿಸಿತು. ಅಂಗಡಿಯಿದ್ದ ಹಿರಿಯರು ಅರ್ಜಿ ಹಾಕಿದರು. ಸ್ವಂತ ಅಂಗಡಿಯಿಲ್ಲದ ಉಳಿದವರು ಉದ್ಯೋಗ ಖಾತ್ರಿಯ ಕೆಲಸಕ್ಕೆ ಹೊರಟರು. ಆಗ ದಿನಗೂಲಿ 275 ರೂಪಾಯಿ. ಕೆರೆಯ ಹೂಳೆತ್ತುವ ಜಾಗದಲ್ಲಿ ಎರಡನೆಯ ನಾಗಸ್ವರದವರು ಗುದ್ದಲಿ ಹಿಡಿದಿದ್ದುದನ್ನು ನಾನೇ ಕಂಡೆ. ಕೆಲಸದಲ್ಲಿ ಕೀಳುಮೇಲೆಂಬುದಿಲ್ಲ, ನಿಜ. ಆದರೆ ಅಂಗೈಯಲ್ಲಿ ಬೊಬ್ಬೆಯೆದ್ದು ಬೆರಳು ಬಿಗಿದುಕೊಂಡರೆ ನಾಗಸ್ವರದ ರಂಧ್ರಗಳ ಮೇಲೆ ಗಮಕ ನಿಲ್ಲುವುದು ಕಷ್ಟ. ಅವರಿಗಿದ್ದ ಚಿಂತೆ ಅದೇ.

ವಾದ್ಯಗಳೂ ಸುಮ್ಮನೆ ಕಾಯುವುದಿಲ್ಲ. ಮಳೆಗಾಲದ ತೇವಕ್ಕೆ ಡೋಲಿನ ಚರ್ಮ ಸಡಿಲವಾಗುತ್ತದೆ. ನಾಗಸ್ವರದ ಬಾಯಿಗೆ ಸಿಕ್ಕಿಸುವ ಸೀವಾಳಿ ಜೊಂಡಿನಿಂದ ಮಾಡಿದ್ದು, ಉಸಿರಿನ ತೇವವಿಲ್ಲದೆ ಒಣಗಿ ಸೀಳುತ್ತದೆ. ಒಳ್ಳೆಯ ಸೀವಾಳಿ ತಂಜಾವೂರಿನ ಸೀಮೆಯಿಂದ ಬರಬೇಕು. ಗಡಿ ಮುಚ್ಚಿದ್ದಾಗ ಅದೆಲ್ಲಿ ಬಂದೀತು? ಇದ್ದ ನಾಲ್ಕು ಸೀವಾಳಿಗಳನ್ನೇ ಹಿರಿಯರು ಕೂಸಿನಂತೆ ಕಾಪಾಡಿಕೊಂಡರು.

ಆಮೇಲೆ ಮದುವೆಗಳೇನೋ ನಡೆದವು, ಆದರೆ 50 ಜನರ ಮಿತಿಯಲ್ಲಿ. ಐದು ಜನ ವಾಲಗದವರೆಂದರೆ ಐದು ಜನ ನೆಂಟರಿಗೆ ಜಾಗವಿಲ್ಲವೆಂದೇ ಅರ್ಥ. "ಇಬ್ಬರು ಬಂದರೆ ಸಾಕು" ಎಂದರು ಕೆಲವರು. "ಬಾಯಿಗೆ ಮಾಸ್ಕ್ ಕಟ್ಟಿಕೊಂಡೇ ನುಡಿಸಿ" ಎಂದವರೂ ಉಂಟು! ಊದುವವನು ಮಾಸ್ಕ್ ಕಟ್ಟುವುದೆಂತು? ಕೊನೆಗೆ ಅಂಗಳದ ಮೂಲೆಯಲ್ಲಿ, ಎಲ್ಲರಿಂದ ದೂರ ಕೂತು ನುಡಿಸಿ ಬಂದರು.

ಇನ್ನು ಕೆಲವರು ವಾಲಗವನ್ನೇ ಬಿಟ್ಟು ಮೊಬೈಲಿನಲ್ಲಿದ್ದ ನಾಗಸ್ವರವನ್ನು ಸ್ಪೀಕರಿಗೆ ಜೋಡಿಸಿದರು. ಅಂಥ ಒಂದು ಮದುವೆಗೆ ನಾನೂ ಹೋಗಿದ್ದೆ. ಪುರೋಹಿತರು ಕೈಯೆತ್ತಿ "ಗಟ್ಟಿಮೇಳ, ಗಟ್ಟಿಮೇಳ" ಎಂದರು. ಹುಡುಗನೊಬ್ಬ ಮೊಬೈಲನ್ನು ಒತ್ತಿದ, ಅದರಲ್ಲಿ ಮೊದಲು ಜಾಹೀರಾತು ಬಂತು. ಮೇಳ ಮೊಳಗುವ ಹೊತ್ತಿಗೆ ಮೂರು ಗಂಟೂ ಬಿದ್ದಾಗಿತ್ತು. ಕೆಲವರು ನಕ್ಕರು. ನನಗೆ ನಗು ಬರಲಿಲ್ಲ. ವಾಲಗದವನು ಬರಿಯ ಸದ್ದು ಮಾಡುವವನಲ್ಲ, ಆ ಗಳಿಗೆಯನ್ನು ಕಾಯುವವನು. ಮಾತಿನ ಗದ್ದಲದ ನಡುವೆಯೂ ಅವನ ಕಣ್ಣು ಪುರೋಹಿತರ ಕೈಯ ಮೇಲಿರುತ್ತದೆ. ನಾವು ಅವನಿಗೆ ಕೊಡುವ ಸಂಭಾವನೆ ಆ ಕಣ್ಣಿಗೂ ಸೇರಿದ್ದು.

2020ರಲ್ಲಿ ಅಧಿಕ ಆಶ್ವಯುಜ ಬಂದು ಒಂದು ತಿಂಗಳನ್ನು ನುಂಗಿತು. ಕಾರ್ತಿಕದಲ್ಲಿ ನಾಲ್ಕಾರು ಲಗ್ನಗಳಾದವು. 2021ರ ಜನವರಿ ಮಧ್ಯದಿಂದ ಗುರುಮೌಢ್ಯ, ಬಳಿಕ ಶುಕ್ರಮೌಢ್ಯ, ಹೀಗೆ ಏಪ್ರಿಲ್ ಮಧ್ಯದವರೆಗೂ ಲಗ್ನಗಳು ವಿರಳ. ಶುಕ್ರೋದಯವಾಯಿತೆಂದು ನೋಟುಪುಸ್ತಕ ತೆರೆಯುವಷ್ಟರಲ್ಲಿ ಎರಡನೆಯ ಅಲೆ ಬಂತು. ಮೇ 10ರಿಂದ ಮತ್ತೆ ಲಾಕ್‌ಡೌನ್. ಮನೆಯಲ್ಲಿಯೇ 40 ಜನರ ಮದುವೆ. ಎರಡನೆಯ ವೈಶಾಖವೂ ಹೋಯಿತು.

ಆ ವೈಶಾಖದಲ್ಲಿಯೇ ತಂಡದ ತಾಳದವರು ತೀರಿಕೊಂಡರು. ಹಿರಿಯರಿಗೂ ಸೋಂಕು ತಗುಲಿ, ಗುಣವಾದರೂ ಉಸಿರು ಹಿಂದಿನಂತಿರಲಿಲ್ಲ. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು.

ಆಗ ಸರ್ಕಾರ ಕಲಾವಿದರಿಗೆ ತಲಾ 3,000 ರೂಪಾಯಿ ನೆರವು ಘೋಷಿಸಿತ್ತು. ಅರ್ಜಿ ಬರೆದುಕೊಡಲು ನಾನು ಕುಳಿತೆ. ಕಲಾವಿದರೆಂಬುದಕ್ಕೆ ದಾಖಲೆ ಬೇಕಲ್ಲ! ಸಾವಿರ ಮದುವೆಗಳಲ್ಲಿ ನುಡಿಸಿದವರಿಗೆ ಪ್ರಮಾಣಪತ್ರ ಕೊಟ್ಟವರಾರು? ಫೋಟೋ ಹುಡುಕಿದೆವು. ಊರವರ ಮದುವೆ ಆಲ್ಬಮ್ಮುಗಳಲ್ಲೆಲ್ಲ ಇವರು ಅಂಚಿನಲ್ಲಿದ್ದಾರೆ. ಒಂದರಲ್ಲಿ ಅರ್ಧ ಡೋಲು, ಇನ್ನೊಂದರಲ್ಲಿ ನಾಗಸ್ವರದ ಅಣಸು ಮಾತ್ರ. ಕೊನೆಗೆ ನನ್ನ ಮಗಳ ಮದುವೆಯ ಆಲ್ಬಮ್ಮಿನಲ್ಲಿ ಐವರೂ ಪೂರ್ತಿಯಾಗಿ ಕಾಣುವ ಒಂದು ಚಿತ್ರ ಸಿಕ್ಕಿತು. ಐವರ ಚಿತ್ರವನ್ನು ಲಗತ್ತಿಸಿ ನಾಲ್ವರ ಅರ್ಜಿ ಕಳಿಸಿದೆವು. ಹಣ ಬಂದಾಗ ನಾಲ್ವರೂ ತಮ್ಮ ಪಾಲಿನಿಂದಿಷ್ಟು ತೆಗೆದು ತಾಳದವರ ಹೆಂಡತಿಯ ಕೈಗಿತ್ತರು. ಅದನ್ನು ಯಾರೂ ಅವರಿಗೆ ಹೇಳಿಕೊಟ್ಟಿರಲಿಲ್ಲ.

ಆ ಮಳೆಗಾಲದಲ್ಲಿ ದಿನವೂ ಬೆಳಗಿನ ಜಾವ ಹಿರಿಯರ ಮನೆಯಿಂದ ಒಂದೇ ಒಂದು ಸ್ವರ ಕೇಳಿಬರುತ್ತಿತ್ತು, ಷಡ್ಜ. ಮೊದಮೊದಲು ನಡುವೆಯೇ ಮುರಿದು ಕೆಮ್ಮಾಗುತ್ತಿತ್ತು. ದಿನಕಳೆದಂತೆ ಉದ್ದವಾಯಿತು. ದಸರೆಯ ಹೊತ್ತಿಗೆ ಅದು ರಾಗವಾಗಿತ್ತು.

ಮಗ ಬೆಂಗಳೂರಿನಲ್ಲಿ ಸರಕು ಸಾಗಿಸುವ ವ್ಯಾನಿನ ಚಾಲಕನಾದ. ಲಗ್ನವಿದ್ದರೆ ಹಿಂದಿನ ರಾತ್ರಿ ಬಸ್ಸು ಹತ್ತಿ ಬರುತ್ತಾನೆ. "ಡೋಲು ಬಿಟ್ಟಿಲ್ಲ ಸಾರ್. ಆದರೆ ಇದೊಂದನ್ನೇ ನಂಬೋ ಧೈರ್ಯ ಹೋಯ್ತು" ಎಂದ. ಅವನಿಗೆ ನಾನು ಯಾವ ಉಪದೇಶವನ್ನೂ ಮಾಡಲಿಲ್ಲ. ಎರಡು ವೈಶಾಖ ಕಳೆದುಕೊಂಡವನ ಲೆಕ್ಕಾಚಾರ ಸರಿಯಾಗಿಯೇ ಇತ್ತು. ತಾಳಕ್ಕೆ ಈಗ ಅವನ ಚಿಕ್ಕಪ್ಪನ ಮಗನಿದ್ದಾನೆ, ಶ್ರುತಿಗೆ ವಿದ್ಯುತ್ ಪೆಟ್ಟಿಗೆ ಬಂದಿದೆ. "ಬಾಕಿ, ಮುಂದಿನ ಲಗ್ನಕ್ಕೆ" ಎಂದು ಬರೆದಿದ್ದ ಮನೆಗಳಿಗೆಲ್ಲ ಹೋಗಿ, ಒಂದನ್ನೂ ಬಿಡದೆ ನುಡಿಸಿ, ಋಣ ತೀರಿಸಿದ್ದಾರೆ.

ಓದುಗ ಮಿತ್ರರಲ್ಲಿ ನನ್ನದೊಂದು ಸಣ್ಣ ಅರಿಕೆ. ಮಕ್ಕಳ ಮದುವೆಗೆ ಮಂಟಪ ಗೊತ್ತುಮಾಡುವ ದಿನವೇ ವಾಲಗದವರಿಗೂ ವೀಳ್ಯ ಕೊಡಿ. ಊಟದಲ್ಲಿ ಅವರನ್ನು ಕಡೆಯ ಪಂಕ್ತಿಗೆ ಉಳಿಸಬೇಡಿ. ಫೋಟೋ ತೆಗೆಯುವವನಿಗೆ ಒಂದು ಮಾತು ಹೇಳಿ, ಅವರೆಲ್ಲರನ್ನೂ ಒಟ್ಟಿಗೆ ನಿಲ್ಲಿಸಿ ಒಂದು ಚಿತ್ರ ತೆಗೆಸಿ, ಅದರ ಪ್ರತಿಯನ್ನು ಅವರ ಕೈಗೆ ಕೊಡಿ.