ಕುಲುಮೆಯ ಬದಿಯ ಕ್ಯಾಪ್ಟನ್

ಕಾರ್ಖಾನೆಯ ಮೇಲಧಿಕಾರಿಯೆಂದರೆ ಗಾಜಿನ ಕಿಟಕಿಯ ಕೋಣೆಯಲ್ಲಿ ಕುಳಿತು ಕಾಗದಗಳಿಗೆ ಸಹಿ ಹಾಕುವವನೆಂಬ ಭಾವನೆ ಜನರಲ್ಲಿ ರೂಢವಾಗಿದೆ. ಅಮೆರಿಕದ ಪಿಟ್ಸ್‌ಬರ್ಗ್ ನಗರದ ಸಮೀಪ, ಮನಾಂಗಹೀಲಾ ನದಿಯ ದಡದ ಬ್ರಾಡಕ್ ಎಂಬಲ್ಲಿ ಉಕ್ಕಿನ ಕಾರ್ಖಾನೆಯನ್ನು ನಡೆಸಿದ ವಿಲಿಯಂ ಜೋನ್ಸ್ ಆ ಪಂಗಡಕ್ಕೆ ಸೇರಿದವನಲ್ಲ. ಅವನನ್ನು ಕಾಣಬೇಕಾದವರು ಕುಲುಮೆಯ ಬಳಿಗೇ ಹೋಗಬೇಕಾಗಿತ್ತು.

ವೇಲ್ಸ್‌ನಿಂದ ವಲಸೆ ಬಂದವನ ಮಗನಾಗಿ 1839ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಹುಟ್ಟಿದ ಜೋನ್ಸ್, ಹತ್ತನೆಯ ವಯಸ್ಸಿನಲ್ಲಿ ಶಾಲೆಗೆ ಬದಲಾಗಿ ಕಬ್ಬಿಣದ ಕಾರ್ಖಾನೆಗೆ ಹೋದ. ಅಂತರ್ಯುದ್ಧದಲ್ಲಿ ಹೋರಾಡಿ ಕ್ಯಾಪ್ಟನ್ ಆದ. ಕಡೆಯವರೆಗೂ ಜನ ಅವನನ್ನು ಕರೆದುದು ಆ ಹೆಸರಿನಿಂದಲೇ. ಜಾನ್ಸ್‌ಟೌನಿನ ಕೇಂಬ್ರಿಯಾ ಕಾರ್ಖಾನೆಯಲ್ಲಿ ಕೆಲಸದ ಮರ್ಮವನ್ನೆಲ್ಲ ಅರಿತು, ಮುಖ್ಯ ಸ್ಥಾನ ಕೈಗೆಟುಕುವಂತಿದ್ದಾಗ, 1873ರಲ್ಲಿ ಅದು ಬೇರೊಬ್ಬನ ಪಾಲಾಯಿತು. ಜೋನ್ಸ್ ರಾಜೀನಾಮೆಯಿತ್ತು, ಆಂಡ್ರ್ಯೂ ಕಾರ್ನೆಗಿ ಬ್ರಾಡಕ್‌ನಲ್ಲಿ ಕಟ್ಟಿಸುತ್ತಿದ್ದ ಎಡ್ಗರ್ ಥಾಮ್ಸನ್ ಕಾರ್ಖಾನೆಗೆ ಬಂದ. ಅವನ ಹಿಂದೆಯೇ ಕೇಂಬ್ರಿಯಾದ ನುರಿತ ಕೆಲಸಗಾರರು ಹಲವರು ಹೊರಟುಬಂದರು. 1875ರಲ್ಲಿ ಅಲ್ಲಿ ರೈಲು ಕಂಬಿಗಳು ಹೊರಬೀಳತೊಡಗಿದವು.

ಕಾರ್ನೆಗಿ ಅವನಿಗೆ ಪಾಲುದಾರಿಕೆಯನ್ನೇ ನೀಡಲು ಮುಂದಾದ. ಜೋನ್ಸ್ ಒಲ್ಲೆನೆಂದ. ಲಾಭದಲ್ಲಿ ಪಾಲುಗೊಂಡವನನ್ನು ಕೂಲಿಗಾರರು ತಮ್ಮವನೆಂದು ನಂಬುವುದಿಲ್ಲವೆಂಬುದು ಅವನ ಎಣಿಕೆ. ಅದರ ಬದಲು ಭಾರಿ ಸಂಬಳ ಕೇಳಿದ. 25,000 ಡಾಲರು ದೊರೆಯಿತು. ಆತನೇನೂ ಸಂನ್ಯಾಸಿಯಲ್ಲ! ಆದರೆ ಆ ಪಾಲಿನ ಬೆಲೆ ಮುಂದೆ ಎಷ್ಟೋ ಲಕ್ಷಗಳಿಗೆ ಏರುವುದಿತ್ತು.

ಅವನ ಹೆಗ್ಗಳಿಕೆಯೆಲ್ಲ ಒಂದು ಸರಳವಾದ ತಿಳಿವಳಿಕೆಯಲ್ಲಿತ್ತು. ಕುಲುಮೆಯ ಉರಿಯೆದುರು ದಿನಕ್ಕೆ 12 ಗಂಟೆ ನಿಲ್ಲುವುದು ರಕ್ತಮಾಂಸದ ದೇಹಕ್ಕೆ ಸಾಧ್ಯವಿಲ್ಲ. ನಿದ್ದೆಗೆಟ್ಟವನ ಕೈ ತಪ್ಪುತ್ತದೆ, ಲೋಹವೂ ಕೆಡುತ್ತದೆ. ಆದುದರಿಂದ ಅವನು ಎಂಟು ಗಂಟೆಯ ಮೂರು ಪಾಳಿಗಳನ್ನು ಜಾರಿಗೆ ತಂದ. ಉತ್ಪತ್ತಿ ತಗ್ಗಲಿಲ್ಲ, ಏರಿತು. ಬ್ರಿಟನ್ನಿನ ಉಕ್ಕುತಜ್ಞರಿಗಾಗಿ 1881ರಲ್ಲಿ ಬರೆದ ಪ್ರಬಂಧದಲ್ಲಿ ಅವನು ತನ್ನ ಯಶಸ್ಸಿನ ಕಾರಣಗಳಲ್ಲಿ ಇದನ್ನೂ ಎಣಿಸಿದ. ಆದರೆ ಪ್ರತಿಸ್ಪರ್ಧಿಗಳ ಕಾರ್ಖಾನೆಗಳಲ್ಲಿ 12 ಗಂಟೆಯ ದುಡಿಮೆಯೇ ನಡೆದಿತ್ತು. ಲೆಕ್ಕದ ಪುಸ್ತಕದ ಮುಂದೆ ಕ್ಯಾಪ್ಟನ್ನನ ಮಾತು ಸೋತಿತು. 1888ರಲ್ಲಿ ತಿಂಗಳುಗಟ್ಟಲೆ ಬಾಗಿಲು ಮುಚ್ಚಿದ್ದ ಕಾರ್ಖಾನೆ ಮತ್ತೆ ತೆರೆದಾಗ 12 ಗಂಟೆಯ ಪಾಳಿಯೇ ಮರಳಿತ್ತು, ನಡೆಸಬೇಕಾದವನು ಜೋನ್ಸನೇ. ನಡೆಸಿದ. ಕೂಲಿಗಾರರ ನಂಬಿಕೆಗಾಗಿ ಬಿಟ್ಟುಕೊಟ್ಟ ಆ ಪಾಲು ಅಂದು ಅವನ ಕೈಯಲ್ಲಿದ್ದಿದ್ದರೆ, ಅವರ ಪರವಾಗಿ ಆಡಿದ ಮಾತಿಗೆ ಇನ್ನಷ್ಟು ತೂಕ ಬರುತ್ತಿತ್ತೇನೋ!

ಮರುವರ್ಷ ಅವನ ಹೆಸರಿನ 'ಮಿಕ್ಸರ್'ಗೆ ಪೇಟೆಂಟು ದೊರೆಯಿತು. ನಾಲ್ಕು ಮನೆಗಳ ಹಾಲನ್ನು ಒಂದೇ ಕೊಪ್ಪರಿಗೆಗೆ ಸುರಿದರೆ ತೆಳುವು ಗಟ್ಟಿಗಳ ಭೇದ ಅಳಿಯುವುದಷ್ಟೆ. ಹಾಗೆಯೇ ಹಲವು ಕುಲುಮೆಗಳ ಕರಗಿದ ಕಬ್ಬಿಣವನ್ನು ಒಂದು ಮಹಾಪಾತ್ರೆಯಲ್ಲಿ ಕೂಡಿಸಿ, ಆರಗೊಡದೆ, ಸಮಗುಣದ ದ್ರವವನ್ನು ಉಕ್ಕಿನ ಪಾತ್ರೆಗಳಿಗೆ ಒದಗಿಸುವ ಉಪಾಯವದು. ಗಟ್ಟಿಗಳಾಗಿ ಎರೆದು ಮತ್ತೆ ಕರಗಿಸುವ ಶ್ರಮ ಇದರಿಂದ ತಪ್ಪಿತು.

ಅದೇ 1889ರ ಮೇ 31ರಂದು ಜಾನ್ಸ್‌ಟೌನ್ ಪ್ರವಾಹದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಜನ ಮಡಿದಾಗ, ತನ್ನನ್ನು ಕಡೆಗಣಿಸಿದ ಆ ಊರಿಗೆ ಜೋನ್ಸ್ ಕೆಲಸಗಾರರ ದೊಡ್ಡ ತಂಡವನ್ನು ಕರೆದೊಯ್ದು ದುಡಿದ.

ಸೆಪ್ಟೆಂಬರ್ 26ರಂದು ಬ್ರಾಡಕ್‌ನ ಒಂದು ಕುಲುಮೆಯಲ್ಲಿ ಅದಿರು ಕೆಳಗಿಳಿಯದೆ ಸಿಕ್ಕಿಕೊಂಡಿತು. ಸಂಬಳದ ದೃಷ್ಟಿಯಿಂದ ನೋಡಿದರೆ ಅದು ಅವನ ಕೆಲಸವಲ್ಲ. ಆದರೂ ಆಳುಗಳೊಡನೆ ಮುಂದೆ ನಿಂತ. ಕುಲುಮೆ ಬಿರಿಯಿತು, ಸುಟ್ಟ ಗಾಯಗಳಿಂದ ನರಳಿ ಎರಡು ದಿನಗಳಲ್ಲಿ ತೀರಿಕೊಂಡ. ಆಗ ಅವನಿಗೆ 50 ವರ್ಷ. ಅವನ ಶಿಷ್ಯ, 27ರ ತರುಣ ಚಾರ್ಲ್ಸ್ ಶ್ವಾಬ್ ಆ ಸ್ಥಾನಕ್ಕೆ ಬಂದ.

ಮಿಕ್ಸರಿನ ಹಕ್ಕಿಗಾಗಿ ಕಾರ್ನೆಗಿ ಕಂಪೆನಿ ಹೂಡಿದ ದಾವೆ ಅಮೆರಿಕದ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ 1902ರಲ್ಲಿ ಗೆದ್ದಿತು. ಪ್ರತಿವಾದಿ ಯಾರೆಂದರೆ ಅದೇ ಕೇಂಬ್ರಿಯಾ! ಎಂಟು ಗಂಟೆಯ ಪಾಳಿಗೆ ಅಂತಹ ವಕೀಲರಾರೂ ಇರಲಿಲ್ಲ. ಆ ದೇಶದ ದೊಡ್ಡ ಉಕ್ಕಿನ ಕಾರ್ಖಾನೆಗಳು 12 ಗಂಟೆಯ ದುಡಿಮೆಯನ್ನು ಕೈಬಿಡತೊಡಗಿದುದು 1923ರಲ್ಲಿ.