ಮಸಿಯ ಮಿತವ್ಯಯ

ಮಸಿ ತಯಾರಿಸುವುದು ಒಂದು ಕಾಲಕ್ಕೆ ಮನೆಗೆಲಸವೇ ಆಗಿತ್ತು. ದೀಪದ ಕುಡಿಯಿಂದ ಕಾಡಿಗೆ ಹಿಡಿದು, ಗೋಂದಿನ ನೀರಿನಲ್ಲಿ ಅರೆದು, ಕುಡಿಕೆಯಲ್ಲಿ ತುಂಬಿಟ್ಟರೆ ಮನೆಯ ಲೆಕ್ಕಪತ್ರಗಳಿಗೆಲ್ಲ ಅದು ಸಾಲುತ್ತಿತ್ತು. ಅದಕ್ಕೊಂದು ಬೆಲೆಯುಂಟೆಂದು ಯಾರಿಗೂ ತೋರುತ್ತಿರಲಿಲ್ಲ. ಇಂದು ಅದೇ ಮಸಿ ಪ್ಲಾಸ್ಟಿಕ್ ಕಾರ್ಟ್ರಿಜ್ಜಿನೊಳಗೆ ಸೇರಿ, ಅತ್ತರಿನ ಗತ್ತಿನಲ್ಲಿ ಮನೆಯನ್ನು ಪ್ರವೇಶಿಸುತ್ತದೆ.

ಮಕ್ಕಳ ಶಾಲೆಯ ಕೆಲಸಕ್ಕೆಂದು ಮಧ್ಯಮ ವರ್ಗದ ಗೃಹಸ್ಥನು ಪ್ರಿಂಟರು ಕೊಳ್ಳಲು ಹೊರಟಾಗ ಮೊದಲು ನೋಡುವುದು ಯಂತ್ರದ ಬೆಲೆಯನ್ನು. ಅದು ಅಗ್ಗವಾಗಿಯೇ ಇರುತ್ತದೆ. ಯಂತ್ರವನ್ನು ಅಗ್ಗವಾಗಿ ಕೊಟ್ಟು ಮಸಿಯಲ್ಲಿ ಲಾಭ ಪಡೆಯುವುದು ಈ ವ್ಯಾಪಾರದ ರೀತಿ. ಪೆಟ್ಟಿಗೆಯೊಡನೆ ಬಂದ ಕಾರ್ಟ್ರಿಜ್ಜು ತೀರಿ, ಹೊಸದರ ಬೆಲೆ ಕೇಳಿದ ದಿನವೇ ಆತನಿಗೆ ಜ್ಞಾನೋದಯವಾಗುವುದು.

ಅಂದಿನಿಂದ ಮನೆಯಲ್ಲಿ ಮಸಿಯ ಪಡಿತರ ಜಾರಿಗೆ ಬರುತ್ತದೆ. ಮಗಳು ಗಣಕದಲ್ಲಿ ಬರೆದ ನವಿಲಿನ ಚಿತ್ರಕ್ಕೆ ಅಪ್ಪಣೆ ದೊರೆಯುವುದಿಲ್ಲ, “ಅದನ್ನು ಪರದೆಯ ಮೇಲೆಯೇ ನೋಡಬಹುದಲ್ಲ!” ಅಜ್ಜಿ ತನ್ನ ಯಾತ್ರೆಯ ಭಾವಚಿತ್ರವನ್ನು ಒಮ್ಮೆ ಕೇಳಿ, ಎರಡನೆಯ ಸಲ ಕೇಳಲು ಸಂಕೋಚಪಡುತ್ತಾಳೆ. ಯಂತ್ರಕ್ಕೆ ಬಟ್ಟೆ ಹೊದಿಸಿ, ಗೋಡೆಯ ಗುಂಡಿಯಿಂದಲೇ ವಿದ್ಯುತ್ತನ್ನು ನಿಲ್ಲಿಸಲಾಗುತ್ತದೆ. ಎರಡು ತಿಂಗಳ ತರುವಾಯ ಶಾಲೆಯ ಅರ್ಜಿಯೊಂದನ್ನು ಮುದ್ರಿಸಹೋದರೆ, ಅಕ್ಷರಗಳ ನಡುವೆ ಬಿಳಿಯ ಗೆರೆಗಳು!

ಇದರ ಕಾರಣ ಸರಳವಾದುದು. ಈ ಯಂತ್ರದಲ್ಲಿ ಮಸಿ ಚಿಮ್ಮುವ ರಂಧ್ರಗಳು ಕೂದಲೆಳೆಗಿಂತ ಸೂಕ್ಷ್ಮ. ಬಹುಕಾಲ ಸುಮ್ಮನಿದ್ದರೆ ಅಲ್ಲಿ ಮಸಿ ಒಣಗಿ ಗಟ್ಟಿಯಾಗುತ್ತದೆ. ಅದನ್ನು ಬಿಡಿಸಲು ಯಂತ್ರವು ಶುಚಿಕಾರ್ಯಕ್ಕಾಗಿ ಮಸಿಯನ್ನೇ ಹೀರಿ ಚೆಲ್ಲುತ್ತದೆ. ಉಳಿಸಿದ ಮಸಿ ಕಾಗದವನ್ನು ಕಾಣದೆ ಯಂತ್ರದ ತಳದ ಹತ್ತಿಯಂಥ ಪದರಕ್ಕೆ ಇಂಗಿಹೋಗುತ್ತದೆ. ಕಾರ್ಟ್ರಿಜ್ಜಿನ ಮೇಲೆ ಹೇಳುವ ಪುಟಗಳ ಲೆಕ್ಕವೂ ಮಾದರಿ ಪುಟಗಳನ್ನು ಸತತವಾಗಿ ಮುದ್ರಿಸಿ ಕಂಡುಕೊಂಡದ್ದು. ಅಪರೂಪಕ್ಕೆ ಮುದ್ರಿಸುವ ಮನೆಗೆ ಅಷ್ಟು ದಕ್ಕುವುದಿಲ್ಲ.

ಕಾರ್ಟ್ರಿಜ್ಜಿಗೆ ಸಿರಿಂಜಿನಿಂದ ಮಸಿ ತುಂಬುವ ಸಾಹಸಿಗಳೂ ಉಂಟು. ಈ ವಿದ್ಯೆಯ ಹುಟ್ಟಿನಲ್ಲಿಯೂ ಒಂದು ಸಿರಿಂಜು ಇದ್ದುದು ಸ್ವಾರಸ್ಯದ ಸಂಗತಿ. 1977ರಲ್ಲಿ ಜಪಾನಿನ ಕ್ಯಾನನ್ ಸಂಸ್ಥೆಯ ಪ್ರಯೋಗಶಾಲೆಯಲ್ಲಿ ಕಾದ ಬೆಸುಗೆಕೋಲು ಮಸಿ ತುಂಬಿದ ಸಿರಿಂಜಿನ ಸೂಜಿಗೆ ಅಕಸ್ಮಾತ್ ತಗುಲಿ, ಮಸಿ ಚಿಮ್ಮಿತು. ಶಾಖದಿಂದ ಗುಳ್ಳೆಯೆಬ್ಬಿಸಿ ಮಸಿ ಚಿಮ್ಮಿಸುವ ಅವರ ಯಂತ್ರಕ್ಕೆ ಅದೇ ಬೀಜವಾಯಿತು. ಮುಂದೆ ಇಂಡೊನೇಷ್ಯಾದಲ್ಲಿ ಗ್ರಾಹಕರು ಪ್ರಿಂಟರಿನ ಪಕ್ಕಕ್ಕೆ ಮಸಿಯ ಸೀಸೆಗಳನ್ನಿಟ್ಟು ಕೊಳವೆ ಜೋಡಿಸಿಕೊಳ್ಳತೊಡಗಿದರು. 2010ರಲ್ಲಿ ಎಪ್ಸನ್ ಸಂಸ್ಥೆ ಅದೇ ದೇಶದಲ್ಲಿ, ಸೀಸೆಯಿಂದ ತುಂಬಬಹುದಾದ ತೊಟ್ಟಿಯ ಪ್ರಿಂಟರನ್ನು ತಾನೇ ಮಾರಾಟಕ್ಕೆ ತಂದಿತು. ಬಳಕೆದಾರರ ಮಿತವ್ಯಯವು ತಯಾರಕರಿಗೇ ಪಾಠ ಕಲಿಸಿತು.

ಆದುದರಿಂದ ಕೊಳ್ಳುವ ಮುನ್ನ ಗೃಹಸ್ಥನು ಯಂತ್ರದ ಬೆಲೆಯನ್ನಲ್ಲ, ತಿಂಗಳಿಗೆ ಬೇಕಾಗುವ ಪುಟಗಳನ್ನು ಎಣಿಸುವುದು ಒಳಿತು. ತಿಂಗಳಿಗೆ ನಾಲ್ಕೈದು ಹಾಳೆ ಸಾಕಾದ ಮನೆಗೆ ಬೀದಿಯ ಕೊನೆಯ ಜೆರಾಕ್ಸ್ ಅಂಗಡಿಯೇ ಲಾಭಕರ. ಕಪ್ಪಕ್ಷರ ಮಾತ್ರ ಬೇಕಾದವರಿಗೆ ಲೇಸರ್ ಯಂತ್ರ ಮೇಲು. ಅದರಲ್ಲಿರುವುದು ಪುಡಿಯಾದುದರಿಂದ ಒಣಗುವ ಭಯವಿಲ್ಲ. ಬಣ್ಣವೂ ಬೇಕು, ಪುಟಗಳೂ ಹೆಚ್ಚೆಂದಾದರೆ ತೊಟ್ಟಿಯ ಯಂತ್ರ. ಮೊದಲ ಖರ್ಚು ಅಧಿಕವಾದರೂ ಪುಟದ ಖರ್ಚು ಕಡಮೆ.

ಇನ್ನು ಬಳಕೆಯಲ್ಲಿ ಪಾಲಿಸತಕ್ಕ ನಿಯಮಗಳು ಕೆಲವೇ. ಮುದ್ರಿಸುವ ಮೊದಲು ಪುಟವನ್ನು ಪರದೆಯ ಮೇಲೆ ಪೂರ್ತಿಯಾಗಿ ನೋಡುವುದು. ಕರಡು ಪ್ರತಿಗೆ ‘ಡ್ರಾಫ್ಟ್’ ಕ್ರಮವನ್ನು ಆರಿಸುವುದು. ಯಂತ್ರವನ್ನು ಅದರದೇ ಗುಂಡಿಯಿಂದ ಆರಿಸುವುದು. ಹಾಗೆ ಮಾಡಿದಾಗಲೇ ಮುದ್ರಣಶಿರವು ತನ್ನ ಸ್ಥಾನಕ್ಕೆ ಹೋಗಿ, ಮುಚ್ಚಳ ಹೊದ್ದು, ಒಣಗದೆ ಉಳಿಯುತ್ತದೆ. ಗೋಡೆಯ ಗುಂಡಿಯನ್ನು ಒತ್ತುವುದು ಆ ನಂತರ. ಗೆರೆ ಕಂಡರೆ ಶುಚಿಕಾರ್ಯವನ್ನು ಒಂದೆರಡು ಸಲಕ್ಕೆ ನಿಲ್ಲಿಸಿ, ಕೆಲವು ತಾಸು ಕಾದು ನೋಡುವುದು.

ಎಲ್ಲಕ್ಕಿಂತ ಮುಖ್ಯವಾದುದು, ವಾರಕ್ಕೊಂದಾದರೂ ಬಣ್ಣದ ಪುಟವನ್ನು ಮುದ್ರಿಸುವುದು. ರಂಧ್ರಗಳು ತೆರೆದಿರಲು ಯಂತ್ರವು ಬೇಡುವ ಔಷಧ ಇದೊಂದೇ. ಆ ಪುಟವು ಅರ್ಥವಿಲ್ಲದ ಪರೀಕ್ಷೆಯ ಪಟ್ಟಿಯೇ ಆಗಬೇಕೆಂದಿಲ್ಲ. ಒಂದು ವಾರ ನವಿಲಿನ ಚಿತ್ರವಾಗಬಹುದು. ಮತ್ತೊಂದು ವಾರ ಅಜ್ಜಿಯ ಯಾತ್ರೆಯ ಭಾವಚಿತ್ರವಾಗಬಹುದು. ಹೇಗಿದ್ದರೂ ಯಂತ್ರವು ಚೆಲ್ಲಲಿದ್ದ ಮಸಿ ಅದು.